ಬಲಗಡೆಯ ಹಿಡಿಕೆ

ನನ್ನ ಕೋಣೆಯ ಗೋಡೆಗೆ ಹನ್ನೊಂದು ಮೊಳೆ ಹೊಡೆದಿದ್ದೇನೆ. ಒಂದೊಂದಕ್ಕೂ ಒಂದು ಹಿಡಿಕೆ ತೂಗುಹಾಕಿದೆ. ಬಾಡಿಗೆ ಮನೆಯ ಒಡತಿ ನೀರಿನ ತೊಟ್ಟಿ ನೋಡಲು ಬಂದವಳು ಅವನ್ನು ಕಂಡು, "ಇವೇನ್ರಿ, ಹಳೇ ಫೋನಿನ ವ್ಯಾಪಾರ ಶುರು ಮಾಡೀರೇನು?" ಎಂದಳು. ಹೌದ್ರಿ ಎಂದೆ. ಬಿಡಿಸಿ ಹೇಳಲು ಹೋದರೆ ಆಕೆ ಕುಳಿತೇಬಿಡುತ್ತಾಳೆ, ಕುಳಿತರೆ ಮದುವೆ ಯಾಕಾಗಲಿಲ್ಲ ಎಂಬಲ್ಲಿಗೆ ಮಾತು ಬರುತ್ತದೆ. ಆಗಲಿಲ್ಲ, ಅಷ್ಟೇ.

ಅವು ಫೋನಲ್ಲ. ಟೀವಿಗೆ ಜೋಡಿಸಿ ಆಡುವ ಒಂದು ಹಳೆಯ ವಿಡಿಯೋ ಗೇಮ್ ಯಂತ್ರದ ಕಂಟ್ರೋಲರ್‌ಗಳು. ನಮ್ಮ ಮನೆಯಲ್ಲಿ ಅವಕ್ಕೆ ಹಿಡಿಕೆ ಎನ್ನುತ್ತಿದ್ದೆವು, ಈಗಲೂ ನನ್ನ ಬಾಯಿಗೆ ಅದೇ ಬರುತ್ತದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಮಾರಿ, ಕೊಳ್ಳುವವರಿಲ್ಲದೆ, ಬಾಗಿಲು ಹಾಕಿಕೊಂಡು ಹೋದವರು ಅವರು. ಹಿಡಿಕೆ ಅಂಗೈ ಅಗಲ. ಮೇಲೆ ಹೆಬ್ಬೆರಳಿನಷ್ಟು ಉದ್ದದ ಕೋಲು, ಅದರ ಕೆಳಗೆ ಅಂಕಿಯ ಗುಂಡಿಗಳು, ಸುರುಳಿ ಸುರುಳಿ ವೈರು. ಯಂತ್ರಕ್ಕೆ ಇಂಥವು ಎರಡು ಬೇಕು, ಎಡಗಡೆಗೊಂದು, ಬಲಗಡೆಗೊಂದು. ಎಡಗಡೆಯದರ ಪಿನ್ನು ಬಲಗಡೆಯ ತೂತಿಗೆ ಹೋಗುವುದಿಲ್ಲ. ಎರಡೂ ಚುಚ್ಚದ ಹೊರತು ಯಂತ್ರ ಏಳುವುದೇ ಇಲ್ಲ, ಟೀವಿ ಕಪ್ಪಗೇ ಇರುತ್ತದೆ. ಒಬ್ಬನೇ ಇರುವವನ ಗತಿ ಏನು ಎಂದು ಅದನ್ನು ಮಾಡಿದ ಪುಣ್ಯಾತ್ಮರು ಯೋಚಿಸಿಯೇ ಇರಲಿಲ್ಲ.

ನನ್ನ ಹತ್ತಿರ ಯಂತ್ರವಿತ್ತು, ಹನ್ನೊಂದು ಎಡ ಹಿಡಿಕೆ ಇದ್ದವು, ಬಲಗಡೆಯದು ಒಂದೂ ಇರಲಿಲ್ಲ. ಇಪ್ಪತ್ತಾರು ವರ್ಷ ಇರಲಿಲ್ಲ. ನಮ್ಮ ಯಂತ್ರದ ಅಸಲಿ ಬಲ ಹಿಡಿಕೆ ಜೇವರ್ಗಿಯಲ್ಲಿ ನಮ್ಮಣ್ಣನ ಮನೆಯಲ್ಲಿತ್ತು. ಅಣ್ಣನಿಗೂ ನನಗೂ ಮಾತಿರಲಿಲ್ಲ.

ನಾವು ಅಫಜಲಪುರ ತಾಲೂಕಿನ ಕರಜಗಿಯವರು. ನಮ್ಮ ಸೋದರಮಾವ ಮುಂಬೈ ಬಂದರಿನಲ್ಲಿ ಸರಕು ಇಳಿಸುವ ಕೆಲಸಕ್ಕಿದ್ದ. ಒಂದು ಬೇಸಿಗೆಯಲ್ಲಿ ಹಾಸಿಗೆಯೊಳಗೆ ಸುತ್ತಿಕೊಂಡು ಈ ಯಂತ್ರ ತಂದ. ಹಡಗಿನವನೊಬ್ಬ ಕೊಟ್ಟನಂತೆ. ಮನೆಯಲ್ಲಿ ಆಗ ತಾನೇ ಕಪ್ಪು ಬಿಳುಪಿನ ಟೀವಿ ಬಂದಿತ್ತು. ಅಪ್ಪನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಟೀವಿ ಸುಟ್ಟು ಹೋಗ್ತದ. ಏನರೇ ಒಂದು ಕೆಡ್ತಂದ್ರ ಅವತ್ತೇ ನಿಮ್ಮ ಮಾಮಗ ವಾಪಸ್ ಕಳಸ್ತೇನಿ," ಎಂದು ಅವತ್ತೇ ಹೇಳಿಬಿಟ್ಟ. ನನಗೆ ಏಳು ವರ್ಷ, ಅಣ್ಣನಿಗೆ ಹನ್ನೊಂದು.

ಯಂತ್ರದ ಜೊತೆಗೆ ಒಂದೇ ಆಟ ಬಂದಿತ್ತು, ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಡಬ್ಬಿಯನ್ನು ಯಂತ್ರದ ಬಾಯಿಗೆ ತುರುಕಿದರೆ ಟೀವಿಯಲ್ಲಿ ಬಯಲೊಂದು ಕಾಣುತ್ತದೆ, ಅದರಲ್ಲಿ ಇಬ್ಬರು ಚೌಕ ಚೌಕ ಮನುಷ್ಯರು. ಎಲ್ಲೋ ಒಂದು ಕಡೆ ಒಂದು ಚುಕ್ಕೆ ಮೂಡುತ್ತದೆ. ಯಾರು ಮೊದಲು ಓಡಿ ಮುಟ್ಟುತ್ತಾರೋ ಅವರಿಗೆ ಒಂದು ಅಂಕ, ಮೊದಲು ಹತ್ತಾದವನು ಗೆದ್ದ. ಚುಕ್ಕೆ ನೋಡಲು ಗಡಿಗೆಯ ಹಾಗಿದೆ ಎಂದು ಅವ್ವ ಅದಕ್ಕೆ ಗಡಿಗೆ ಆಟ ಎಂದು ಹೆಸರಿಟ್ಟಳು. ಬಯಲಿಗೆ ಗೋಡೆ ಇರಲಿಲ್ಲ. ಮನುಷ್ಯ ಬಲಗಡೆಯ ಅಂಚಿನಿಂದ ಹೊರಗೆ ಹೋದರೆ ಎಡಗಡೆಯ ಅಂಚಿನಿಂದ ಒಳಗೆ ಬರುತ್ತಿದ್ದ.

ಅಣ್ಣ ಅದರಲ್ಲೇ ನನ್ನನ್ನು ಸೋಲಿಸುತ್ತಿದ್ದದ್ದು. ಚುಕ್ಕೆ ಅವನ ಎಡಕ್ಕೆ ಎರಡು ಹೆಜ್ಜೆ ದೂರದಲ್ಲಿ ಬಿದ್ದಿರಲಿ, ಅವನು ಎಡಕ್ಕೆ ಹೋಗುತ್ತಿರಲಿಲ್ಲ. ಬಲಕ್ಕೆ ಓಡಿ, ಟೀವಿಯಿಂದ ಹೊರಬಿದ್ದು, ಆ ಕಡೆಯಿಂದ ಬಂದು ಮುಟ್ಟುತ್ತಿದ್ದ. ನಾನು ಆ ಕಡೆ ನೋಡುತ್ತಿರಲೇ ಇಲ್ಲ, ಸೋಲುತ್ತಿದ್ದೆ. ಸೊಕ್ಕಿನವನು, ಸುತ್ತು ಹಾಕಿ ಬಂದೂ ಗೆಲ್ಲುತ್ತೇನೆ ಎಂದು ತೋರಿಸುವುದಕ್ಕೆ ಹೀಗೆ ಮಾಡುತ್ತಾನೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹಾಸ್ಟೆಲಿಗೆ ಹೋಗುವವರೆಗೆ ಅವನೊಂದಿಗೆ ಸಾವಿರ ಆಟ ಆಡಿರಬೇಕು. ಒಂದೂ ಗೆಲ್ಲಲಿಲ್ಲ.

ಅವನು ಹಿಡಿಯುತ್ತಿದ್ದದ್ದು ಬಲಗಡೆಯ ಹಿಡಿಕೆ. ನಾನು ಮುಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದ. "ಅದಕ್ಕ ಕೈ ಹಚ್ಚಬ್ಯಾಡ. ನಿಂದು ನಿನ್ನ ಕೈಯಾಗ ಅದ, ಸುಮ್ಮ ಆಡು," ಎನ್ನುತ್ತಿದ್ದ. ಶಾಲೆಗೆ ಹೋಗುವಾಗ ಅದನ್ನು ಪಾಟಿಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ, ರಜೆಯಲ್ಲಿ ಹೊಲಕ್ಕೆ ಹೋದರೆ ಟವೆಲಿನಲ್ಲಿ ಕಟ್ಟಿಕೊಂಡು. ಒಳ್ಳೆಯದು ತನಗಿಟ್ಟುಕೊಂಡು ಕೆಟ್ಟದ್ದು ನನಗೆ ಕೊಟ್ಟಿದ್ದಾನೆ ಎಂದು ನಾನು ಅವ್ವನ ಮುಂದೆ ಅಳುತ್ತಿದ್ದೆ. ಅವ್ವ ಅವನ ಮುಖ ನೋಡುತ್ತಿದ್ದಳು, ಅವನು ನೆಲ ನೋಡುತ್ತಿದ್ದ. ನೆಲ ನೋಡುವುದು ತಪ್ಪು ಮಾಡಿದವರ ಲಕ್ಷಣ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ಅಪ್ಪ ಹೋದ ಮೇಲೆ ಹಿಸ್ಸೆ ಆಯಿತು, ಹೊಲ ಮನೆ ಪಾಲಾದವು. ಊರಿನ ಐದು ಮಂದಿ ಹಿರಿಯರು ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತರು. ನಮ್ಮ ಕಡೆ ಒಂದು ಪದ್ಧತಿ ಇದೆ: ಮನೆಯಲ್ಲಿ ಜೋಡಿ ಇದ್ದ ಸಾಮಾನು ಏನಿದ್ದರೂ ಒಡೆಯಬೇಕು. ಎರಡು ದೀಪದ ಸಮೆ ಇದ್ದರೆ ಒಬ್ಬನಿಗೊಂದು. ಎರಡು ಎತ್ತಿದ್ದರೆ ಒಬ್ಬನಿಗೊಂದು. ಬೀಸುವ ಕಲ್ಲಿನ ಮೇಲಿನದೊಬ್ಬನಿಗೆ, ಕೆಳಗಿನದೊಬ್ಬನಿಗೆ. ಹಿರಿಯರಲ್ಲಿ ದೊಡ್ಡವರು, ಹಲ್ಲಿಲ್ಲದವರು, ಕಾರಣ ಹೇಳಿದರು. "ಇಬ್ಬರೂ ಅರ್ಧ ಅರ್ಧ ಇಟಗೊಂಡ್ರ ಒಬ್ಬರ ಮನಿಗೆ ಒಬ್ಬರು ಬರೋದು ತಪ್ಪಂಗಿಲ್ಲ." ಇನ್ನೊಂದು ಪದ್ಧತಿ, ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು.

ಹೊಲದ ಪಾಲನ್ನು ಅಣ್ಣನೇ ಮಾಡಿದ್ದ. ನಾನು ಕಾಲುವೆ ನೀರಿನ ಕಬ್ಬಿನ ಹೊಲ ಆರಿಸಿದೆ. ಅವನು ಚಕಾರ ಎತ್ತದೆ ಕಲ್ಲಿನ ಮರಡಿ ತೆಗೆದುಕೊಂಡ. ಸಾಮಾನಿನ ಕೊನೆಗೆ ಯಂತ್ರ ಬಂತು. ಇದೇನೆಂದು ಐದು ಮಂದಿಗೂ ಗೊತ್ತಿರಲಿಲ್ಲ. ದೊಡ್ಡವರು ತಿರುಗಿಸಿ ಮುರುಗಿಸಿ ನೋಡಿ, "ಒಂದು ಮಷೀನು, ಎರಡು ಹಿಡಿಕಿ. ಮಷೀನು ಸಣ್ಣಾವಗ. ಹಿಡಿಕಿ ಜೋಡಿ ಅದಾವು, ಒಡೀರಿ. ಒಬ್ಬಗ ಒಂದು," ಎಂದರು. ಎರಡೂ ಇಲ್ಲದಿದ್ದರೆ ಅದು ನಡೆಯುವುದಿಲ್ಲ ಎಂದು ಇಬ್ಬರಲ್ಲಿ ಯಾರಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹಿರಿಯರ ಮಾತಿಗೆ ಅಡ್ಡ ಮಾತಾಡುವ ರೂಢಿ ನಮಗಿರಲಿಲ್ಲ. ಜೊತೆಗೆ, ನನ್ನ ಕಣ್ಣು ಬೇರೆಲ್ಲೋ ಇತ್ತು.

"ನಾ ಆರಸ್ತೇನಿ," ಎಂದೆ. "ನಂಗ ಬಲಗಡೀದು ಬೇಕು."

ಅಣ್ಣ ತಲೆಯೆತ್ತಿದ. ಅವತ್ತು ಇಡೀ ದಿನದಲ್ಲಿ ಅವನು ಬೇಡ ಎಂದದ್ದು ಅದೊಂದೇ. "ಅದು ಬ್ಯಾಡ ನಿಂಗ. ಬ್ಯಾರೆ ಏನ್ ಬೇಕಾರ ತಗೋ," ಎಂದ.

ನನಗೆ ತಲೆ ಕೆಟ್ಟಿತು. ಐದು ಜನ ಹಿರಿಯರು, ಬಾಗಿಲಲ್ಲಿ ಅವ್ವ, ಅಂಗಳದಲ್ಲಿ ಅರ್ಧ ಓಣಿ. ಎಲ್ಲರ ಮುಂದೆ ಹೇಳಿದೆ: "ನೋಡ್ರಿ ಇವನ ಬುದ್ಧಿ. ಹುಟ್ಟಿದಾಗಿಂದ ಛಲೋದು ಇವನೇ ಹಿಡ್ಕೊಂಡಾನ, ಕೆಟ್ಟದ್ದು ನಂಗ ಕೊಟ್ಟಾನ. ಮರಡಿ ತಗೊಂಡಿದ್ದೂ ನಾಟಕ." ಇನ್ನೂ ಏನೇನೋ ಅಂದೆ, ಅದೆಲ್ಲ ಬರೆಯುವುದಿಲ್ಲ. ಅಣ್ಣ ಎದ್ದ. ಬಲಗಡೆಯ ಹಿಡಿಕೆ ತೆಗೆದುಕೊಂಡು ಅದರ ವೈರನ್ನು ನಿಧಾನಕ್ಕೆ ಕೈಗೆ ಸುತ್ತಿಕೊಂಡ. ಹಿರಿಯರಿಗೆ ಕೈ ಮುಗಿದು ಹೊರಗೆ ಹೋದ. ಒಂದು ತಿಂಗಳೊಳಗೆ ಮರಡಿ ಬೇರೆಯವರಿಗೆ ಗೇಣಿಗೆ ಹಚ್ಚಿ ಜೇವರ್ಗಿಗೆ ಹೋಗಿ ಹಿಟ್ಟಿನ ಗಿರಣಿ ಹಾಕಿಕೊಂಡ. ನಾನೂ ಊರಲ್ಲಿ ನಿಲ್ಲಲಿಲ್ಲ. ಹೊಲ ಪಾಲಿಗೆ ಕೊಟ್ಟು ಆಳಂದಕ್ಕೆ ಬಂದು ತಹಶೀಲ್ ಕಚೇರಿಯ ಎದುರು ಅರ್ಜಿ ಟೈಪು ಮಾಡಲು ಕುಳಿತೆ. ಇವತ್ತಿಗೂ ಅದೇ ಕೆಲಸ. ಮೊದಲು ಟೈಪ್‌ರೈಟರು, ಈಗ ಕಂಪ್ಯೂಟರು. ವಾರಕ್ಕೆ ಒಂದಾದರೂ ಹಿಸ್ಸೆಪತ್ರ ಬರುತ್ತದೆ. ಅಣ್ಣತಮ್ಮಂದಿರು ನನ್ನ ಟೇಬಲಿನ ಎರಡು ಕಡೆ ಮುಖ ತಿರುಗಿಸಿ ನಿಂತಿರುತ್ತಾರೆ, ನಾನು ನಡುವೆ ಕುಳಿತು ಟೈಪು ಮಾಡುತ್ತೇನೆ.

ಅವ್ವ ನನ್ನ ಹತ್ತಿರವೂ ಇರಲಿಲ್ಲ, ಅವನ ಹತ್ತಿರವೂ ಇರಲಿಲ್ಲ. ಕರಜಗಿಯಲ್ಲೇ ಇದ್ದಳು. ಅಮಾವಾಸ್ಯೆಗೊಮ್ಮೆ ಘತ್ತರಗಿಗೆ ಹೋಗಿ ಭಾಗ್ಯವಂತಿಗೆ ಕಾಯಿ ಒಡೆಸಿ ಬರುತ್ತಿದ್ದಳು, ಮಕ್ಕಳು ಮಾತಾಡಲಿ ಎಂದು. ಅವಳ ಮಣ್ಣಿಗೆ ಇಬ್ಬರೂ ಹೋದೆವು. ಕುಣಿಯ ಈ ಬದಿ ಅವನು, ಆ ಬದಿ ನಾನು. ಮಣ್ಣು ಹಾಕಿದೆವು. ಮಾತಾಡಲಿಲ್ಲ. ನಾನೇ ಮೊದಲು ಆಡಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ, ದೊಡ್ಡವನು ಅವನು, ಅವನೇ ಆಡಲಿ ಎಂದು ನಿಂತಿದ್ದೆ.

ಹಿಡಿಕೆ ಕೂಡಿಸುವ ಹುಚ್ಚು ಶುರುವಾದದ್ದು ಅವ್ವ ಹೋದ ಮೇಲೆ. ಇಂಥ ಹಳೆಯ ಯಂತ್ರ ಹುಡುಕುವವರ ಒಂದು ಗುಂಪು ಫೋನಿನಲ್ಲಿದೆ ಎಂದು ಗೊತ್ತಾಗಿ ಸೇರಿಕೊಂಡೆ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಬರೀ ನಂಬರುಗಳು. "ಬಲಗಡೆ ಹಿಡಿಕೆ ಬೇಕು, ಆಳಂದ" ಎಂದು ತಿಂಗಳಿಗೊಮ್ಮೆ ಹಾಕುತ್ತಿದ್ದೆ. ಎಲ್ಲರೂ ಎಡಗಡೆಯದನ್ನೇ ಕಳಿಸುತ್ತಿದ್ದರು. ಜನ ಬಲಗಡೆಯದನ್ನೇ ಹೆಚ್ಚು ಹಿಡಿದು ಆಡಿ ಮುರಿದುಹಾಕಿದ್ದಾರೆ, ಎಡಗಡೆಯದು ಯಾರಿಗೂ ಬೇಡವಾಗಿ ಉಳಿದಿದೆ. ಸೊಲ್ಲಾಪುರದ ಹಳೇ ಸಾಮಾನಿನ ಬಜಾರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಲ ಸಿಗದಿದ್ದರೂ ಆಟದ ಡಬ್ಬಿ ಸಿಕ್ಕರೆ ತರುತ್ತಿದ್ದೆ. ಹದಿನಾಲ್ಕಾದವು. ಅವುಗಳಲ್ಲಿ ಎಷ್ಟು ನಡೆಯುತ್ತವೆ ಎಂದು ಗೊತ್ತಿರಲಿಲ್ಲ, ಯಂತ್ರ ಎದ್ದರೆ ತಾನೇ ಗೊತ್ತಾಗುವುದು. ಭಾನುವಾರ ಮಧ್ಯಾಹ್ನ ಒಂದೊಂದೇ ಡಬ್ಬಿ ಬಿಚ್ಚಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ, ಅದರ ಹಲ್ಲು ಒರೆಸಿ ಮತ್ತೆ ಮುಚ್ಚಿಡುತ್ತಿದ್ದೆ.

ಇದೆಲ್ಲ ತಿಳಿದಿದ್ದವರು ಆಳಂದದಲ್ಲಿ ಒಬ್ಬರೇ, ಬಜಾರಿನ ಓಣಿಯಲ್ಲಿ ರೇಡಿಯೋ ಟೀವಿ ರಿಪೇರಿ ಮಾಡುವ ಸಾಹೇಬರು. ನನಗಿಂತ ಹತ್ತು ವರ್ಷ ದೊಡ್ಡವರು, ಬಿಳಿ ಗಡ್ಡ, ಕಿವಿಯ ಮೇಲೆ ಯಾವಾಗಲೂ ಒಂದು ಟೆಸ್ಟರು. "ಒಂದು ಎಡ ಹಿಡಿಕಿ ಪಿನ್ನು ಕತ್ತರಿಸಿ ಬಲಕ್ಕ ಬರೂಹಂಗ ಸೀಸ ಕಾಸಿ ಟಾಂಕಾ ಹಾಕಿ ಕೊಡ್ತೇನ್ರಿ. ಅರ್ಧ ತಾಸಿನ ಕಾಮ್. ಹನ್ನೊಂದು ಇಟಗೊಂಡು ಯಾಕ ಉಪವಾಸ ಸಾಯ್ತೀರಿ?" ಎಂದು ಎಷ್ಟೋ ಸಲ ಹೇಳಿದರು. ಅಸಲಿ ಮಾಲು ಕೆಡಿಸಬಾರದು, ಕೂಡಿಸುವವರಿಗೆ ಅದು ಪಾಪ ಎಂದು ದೊಡ್ಡ ಮಾತಾಡುತ್ತಿದ್ದೆ. ಅವರು ನಕ್ಕು, "ನಿಮಗ ಹಿಡಿಕಿ ಬೇಕಾಗಿಲ್ರಿ, ಬಹಾನಾ, ಒಂದು ನೆವ ಬೇಕಾಗೇದ," ಎಂದರು. ಒಂದು ವಾರ ಅವರ ಅಂಗಡಿಯ ಕಡೆ ಹೋಗಲಿಲ್ಲ. ಆಮೇಲೆ ಹೋಗಲು ಬೇರೆ ಜಾಗವಿಲ್ಲದೆ ಹೋದೆ.

ಕಳೆದ ಎಳ್ಳ ಅಮಾವಾಸ್ಯೆಯ ದಿನ ಅದು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ಕಡುಬು, ಭಜ್ಜಿ ಪಲ್ಯ ಕಟ್ಟಿಕೊಂಡು, ಹೊಲವಿಲ್ಲದವರೂ ಯಾರದೋ ಹೊಲಕ್ಕೆ. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ನಾಯಿ ಕೂಡ ಇರುವುದಿಲ್ಲ. ನನ್ನನ್ನೂ ಇಬ್ಬರು ಕಕ್ಷಿದಾರರು ಕರೆದಿದ್ದರು. ಬರ್ತೇನ್ರಿ ಎಂದಿದ್ದೆ, ಹೋಗಲಿಲ್ಲ. ಬೇರೆಯವರ ಮಕ್ಕಳು ಮರಿಗಳ ನಡುವೆ ಕೈ ಕಟ್ಟಿಕೊಂಡು ಕುಳಿತು ಉಣ್ಣುವುದು ನನಗೆ ಒಗ್ಗುವುದಿಲ್ಲ. ಕೋಣೆಯಲ್ಲಿ ಒಬ್ಬನೇ ಕುಳಿತು ಡಬ್ಬಿ ಒರೆಸುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಗುಂಪಿನಲ್ಲಿ ಎಲ್ಲರೂ ಬರೆಯುವುದು ಹಿಂದಿ, ಇಂಗ್ಲಿಷ್. ಇದು ಕನ್ನಡದಲ್ಲಿತ್ತು.

"ಜೇವರ್ಗಿಯಿಂದ. ಬಲಗಡಿ ಹಿಡಿಕಿ ನನ್ನ ಹತ್ರ ಅದ. ಮಷೀನ್ ಬೇಕಾಗೇದ."

ಇನ್ಯಾರು. ಅಣ್ಣನೇ. ಮಷೀನು ನನ್ನ ಮಂಚದ ಕೆಳಗಿತ್ತು. "ನನ್ನ ಹತ್ತಿರ ಇದೆ" ಎಂದು ಬರೆದೆ, ಅಳಿಸಿದೆ. "ಯಾರಿಗೆ ಕೇಳ್ತಿ ಗೊತ್ತದೇನು" ಎಂದು ಬರೆದೆ, ಅದನ್ನೂ ಅಳಿಸಿದೆ. ಅವನು ನನಗೇ ನೇರ ಕೇಳಲಿ ಎಂಬ ಹಟ. ಆಳಂದದ ಆ ನಂಬರು ನನ್ನದೆಂದು ಅವನಿಗೆ ಗೊತ್ತಿಲ್ಲದೆ ಇರಬಹುದು ಎಂಬ ಬುದ್ಧಿ ಬರಲಿಲ್ಲ. ದಿನಾ ಆ ಮೂರು ಸಾಲು ತೆಗೆದು ಓದುತ್ತಿದ್ದೆ. ಹೀಗೆ ತಿಂಗಳು ಕಳೆಯಿತು.

ಆಮೇಲೆ ಒಂದು ಬೆಳಗ್ಗೆ ಅದೇ ನಂಬರಿನಿಂದ ಬಂತು: "ಮಷೀನ್ ಸಿಕ್ಕಿತು. ಎರಡೂ ಹಿಡಿಕಿ ಕೂಡಿನೇ ಬಂತು. ಹಳೇ ಹಿಡಿಕಿ ಉಳದದ. ಯಾರಿಗರೇ ಬೇಕಾದ್ರ ಸುಮ್ಮ ಕೊಡ್ತೇನಿ."

ಅವತ್ತು ನನ್ನ ಕೈಯಲ್ಲಿ ಟೈಪು ಮಾಡಲಾಗಲಿಲ್ಲ. ಅವನಿಗೆ ಇನ್ನು ನನ್ನ ಅಗತ್ಯವಿಲ್ಲ. ಅರ್ಧ ಅರ್ಧ ಇಟ್ಟುಕೊಂಡರೆ ಬರುವುದು ತಪ್ಪುವುದಿಲ್ಲ ಎಂದಿದ್ದರಲ್ಲ ಹಿರಿಯರು, ಅವನ ಹತ್ತಿರ ಈಗ ಪೂರ್ತಿ ಇತ್ತು. ಇಷ್ಟು ವರ್ಷ ಅವನ ಮೇಲೆ ಸಿಟ್ಟಿತ್ತು, ಆ ದಿನ ಮೊದಲ ಸಲ ಹೆದರಿಕೆಯಾಯಿತು. ಸಂಜೆ ಸಾಹೇಬರ ಅಂಗಡಿಗೆ ಹೋಗಿ, ಅವರ ಫೋನಿನಿಂದ ಅವರದೇ ವಿಳಾಸಕ್ಕೆ ಆ ಹಿಡಿಕೆ ಕೇಳಲು ಹೇಳಿದೆ. "ಸಗಾ ಭಾಯಿಗೆ ನನ್ನ ಹೆಸರ್ಲೆ ಕೇಳ್ತೀರಿ. ಶರಮ್ ಬರಂಗಿಲ್ಲೇನ್ರಿ?" ಎಂದರು. ಆದರೂ ಕೇಳಿದರು. ಎರಡೇ ನಿಮಿಷದಲ್ಲಿ ಕಳಿಸುತ್ತೇನೆ ಎಂದು ಉತ್ತರ ಬಂತು.

ನಾಲ್ಕನೆಯ ದಿನ ಪಾರ್ಸೆಲ್ ಬಸ್ಸಿಗೆ ಬಂತು. ಗಿರಣಿಯವನು ಕಳಿಸಿದ್ದು, ಕಟ್ಟಿದ ಅರಿವೆಯಲ್ಲೆಲ್ಲ ಹಿಟ್ಟು. ಒಳಗೆ ಅದೇ ಹಿಡಿಕೆ, ಅದೇ ಸುರುಳಿ ವೈರು. ಕೋಣೆಗೆ ತಂದು ಬಾಗಿಲು ಹಾಕಿಕೊಂಡೆ. ಯಂತ್ರ ಹೊರಗೆಳೆದು, ಎಡಗಡೆಗೆ ನನ್ನದು, ಬಲಗಡೆಗೆ ಅವನದು ಚುಚ್ಚಿ, ಗಡಿಗೆ ಆಟದ ಡಬ್ಬಿ ತುರುಕಿದೆ. ಇಪ್ಪತ್ತಾರು ವರ್ಷದ ಮೇಲೆ ಟೀವಿಯಲ್ಲಿ ಬಯಲು ಮೂಡಿತು. ಇಬ್ಬರೂ ಮನುಷ್ಯರು ನಿಂತಿದ್ದರು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮೊದಲು ಎಡಗಡೆಯದು ಹಿಡಿದು ಆಡಿದೆ. ಎದುರಿನವನು ಕದಲಲಿಲ್ಲ, ಅವನನ್ನು ಆಡಿಸುವವರು ಯಾರೂ ಇರಲಿಲ್ಲ. ಹತ್ತು ಅಂಕ ನನ್ನವೇ. ಗೆದ್ದಾಗ ಯಂತ್ರ ಒಂದು ಸಣ್ಣ ರಾಗ ಹಾಡುತ್ತದೆ. ಎಡಗಡೆಯವನಿಗಾಗಿ ಅದು ಹಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಇಷ್ಟು ಕೆಟ್ಟ ಗೆಲುವು ಜೀವಮಾನದಲ್ಲಿ ಕಂಡಿಲ್ಲ.

ಆಮೇಲೆ ಅವನ ಹಿಡಿಕೆ ಎತ್ತಿಕೊಂಡೆ. ಚಿಕ್ಕಂದಿನಿಂದ ಮುಟ್ಟಗೊಡದ ಹಿಡಿಕೆ. ಮೇಲಕ್ಕೆ ಒತ್ತಿದೆ, ಹೋಯಿತು. ಕೆಳಗೆ, ಬಲಕ್ಕೆ, ಹೋಯಿತು. ಎಡಕ್ಕೆ ಒತ್ತಿದೆ. ಹೋಗಲಿಲ್ಲ. ಕೋಲು ಮುರಿಯುವಷ್ಟು ಒತ್ತಿದರೂ ಮನುಷ್ಯ ನಿಂತಲ್ಲೇ ನಿಂತಿದ್ದ. ಹತ್ತಿದ ಸಿಟ್ಟಿಗೆ ಚಪ್ಪಲಿ ಹಾಕಿಕೊಳ್ಳದೆ ಸಾಹೇಬರ ಅಂಗಡಿಗೆ ನಡೆದೆ. "ನೋಡ್ರಿ ಅವನ ಬುದ್ಧಿ. ಛಲೋವು ಎರಡು ತಾನಿಟಗೊಂಡು ಕೆಟ್ಟದ್ದು ಕಳಸ್ಯಾನ. ಬರೀರಿ ಅವಗ," ಎಂದೆ. ಸಾಹೇಬರು ನನ್ನ ಬರಿಗಾಲು ನೋಡಿದರು. ಬರೆಯಲಿಲ್ಲ, ಫೋನು ಬಾಯಿಯ ಹತ್ತಿರ ಹಿಡಿದು ತಮ್ಮ ದನಿಯಲ್ಲೇ ಹೇಳಿ ಕಳಿಸಿದರು: "ಭಾಯ್ಸಾಬ್, ಹಿಡಿಕಿ ಮುಟ್ಟಿತು, ಖರೆ ಎಡಕ್ಕ ಹೋಗವಲ್ಲದು. ಕೆಟ್ಟದ್ದು ಕಳಸೀರಿ ಅಂತ ಇಲ್ಲೊಬ್ಬರು ಬೇಜಾರು ಮಾಡ್ಕೊಂಡಾರ."

ಉತ್ತರವೂ ದನಿಯಲ್ಲೇ ಬಂತು. ಸಾಹೇಬರು ಫೋನನ್ನು ಟೇಬಲಿನ ಮೇಲಿಟ್ಟು ಒತ್ತಿದರು. ಹಿಂದೆ ಗಿರಣಿಯ ಬೆಲ್ಟಿನ ಸದ್ದು, ಮುಂದೆ ಅಣ್ಣ. ದನಿ ಅಪ್ಪನದಾಗಿಬಿಟ್ಟಿತ್ತು.

"ಕೆಟ್ಟಿಲ್ರಿ ಅದು. ಬಂದಾಗಿಂದ ಹಂಗೇ ಅದ. ಎಡಕ್ಕ ಒಂದ್ ದಿನಾನೂ ಹೋಗಿಲ್ಲ. ಬಲಕ್ಕ ಹೋಗಿ ಸುತ್ತು ಹಾಕಿ ಬಂದ್ರ ಆಡಬಹುದು, ರೂಢಿ ಬೇಕು. ನಾ ಹಂಗೇ ಆಡೇನಿ."

ಅಷ್ಟೇ. ಸಾಹೇಬರಿಗೆ ಇದರಲ್ಲೇನಿದೆ ಎಂದು ತಿಳಿಯಲಿಲ್ಲ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಅವರು ತಾವಾಗಿಯೇ ನನ್ನ ಕೋಣೆಗೆ ಹೋಗಿ ಹಿಡಿಕೆ ತಂದು, ಸ್ಕ್ರೂ ಬಿಚ್ಚಿ, ಭೂತಗನ್ನಡಿಯಲ್ಲಿ ನೋಡಿದರು. "ಖರೇ ಹೇಳ್ಯಾರ ನೋಡ್ರಿ. ನಾಲ್ಕು ಕಡೆ ಟಾಂಕಾ ಇರಬೇಕು, ಮೂರೇ ಅದಾವು. ಕಂಪನಿಯವರೇ ಒಂದು ಮರತಾರ. ಇದರ ಮಾಲೀಕ ಪಹಲೇ ದಿನದಿಂದ ಲಂಗಡಾ ಹಿಡಿಕಿ ಹಿಡದಾನ," ಎಂದರು.

ಆಗ ಎಲ್ಲ ಒಂದೊಂದೇ ಬಂತು. ಟೀವಿಯಿಂದ ಹೊರಬಿದ್ದು ಆ ಕಡೆಯಿಂದ ಬರುತ್ತಿದ್ದ ಅವನ ಮನುಷ್ಯ. ಪಾಟಿಚೀಲ. ಕೈಗೆ ಬೀಳುತ್ತಿದ್ದ ಏಟು. ಅವ್ವ ಮುಖ ನೋಡಿದರೆ ಅವನು ನೆಲ ನೋಡುತ್ತಿದ್ದದ್ದು. ಏನಾದರೂ ಕೆಟ್ಟಿದ್ದರೆ ವಾಪಸ್ ಕಳಿಸುತ್ತೇನೆ ಎಂದಿದ್ದ ಅಪ್ಪ. ನನಗೆ ಗೊತ್ತಾಗಿದ್ದರೆ ನಾನು ಊರಿಗೆಲ್ಲ ಹೇಳಿ ಅತ್ತಿರುತ್ತಿದ್ದೆ, ಯಂತ್ರ ಹೋಗಿರುತ್ತಿತ್ತು. ಹನ್ನೊಂದು ವರ್ಷದ ಹುಡುಗ ಅದನ್ನೆಲ್ಲ ಯೋಚಿಸಿ, ಒಳ್ಳೆಯದನ್ನು ನನ್ನ ಕೈಗೆ ಕೊಟ್ಟು, ಕುಂಟು ಹಿಡಿಕೆಯಲ್ಲಿ ನನ್ನನ್ನು ಸಾವಿರ ಸಲ ಸೋಲಿಸಿದ್ದ. ಅಂಥವನಿಗೆ ಐದು ಮಂದಿ ಹಿರಿಯರ ಮುಂದೆ ಆ ಮಾತು ಅಂದಿದ್ದೆ. ಅದು ಸಾಲದು ಎಂಬಂತೆ ಇವತ್ತು ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸಿದ್ದೆ. ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ.

"ಟಾಂಕಾ ಹಾಕಿಬಿಡ್ಲೇನ್ರಿ? ಒಂದೇ ನಿಮಿಷ," ಎಂದು ಸಾಹೇಬರು ಕೇಳಿದರು. ಬೇಡ ಎಂದೆ.

ಮರುದಿನ ಟೇಬಲಿಗೆ ಬೀಗ ಹಾಕಿ, ಬ್ಯಾಗಿನಲ್ಲಿ ಹಿಡಿಕೆ ಇಟ್ಟುಕೊಂಡು ಕಲಬುರಗಿ ಬಸ್ಸು ಹತ್ತಿದೆ, ಅಲ್ಲಿಂದ ಜೇವರ್ಗಿಗೆ. ಭೀಮಾ ಸೇತುವೆ ದಾಟುವಾಗ ಇಳಿದು ವಾಪಸ್ ಹೋಗಿಬಿಡಲೇ ಎನ್ನಿಸಿತು. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಸದ್ದು ಕೇಳುತ್ತಿತ್ತು. ಅಣ್ಣ ಜೋಳದ ಡಬ್ಬಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು, ಕೂದಲು ಬಿಳಿಯಾದದ್ದು ಯಾವುದು, ಹಿಟ್ಟು ಯಾವುದು ತಿಳಿಯುವಂತಿರಲಿಲ್ಲ. ನನ್ನನ್ನು ನೋಡಿದ. ಡಬ್ಬಿ ಖಾಲಿಯಾಗುವ ತನಕ ಸುರಿದ. ಆಮೇಲೆ ಗಿರಣಿ ನಿಲ್ಲಿಸಿದ.

"ಆಳಂದದ ಮಂದಿ ಹಿಡಿಕಿ ಕೆಟ್ಟದ ಅಂತಾರಂತಲ್ಲ," ಎಂದ.

"ನಾನಂತ ಗೊತ್ತಿತ್ತೇನು?"

"ತಿಂಗಳಿಗೊಮ್ಮೆ ಬಲಗಡೀದು ಬೇಕು ಅಂತ ಹಾಕೋ ಹುಚ್ಚ ಆಳಂದದಾಗ ಇನ್ಯಾವ ಅದಾನ? ನಾ ಎರಡೂ ಸಲ ಬರದಿದ್ದು ನಿನಗೇ."

ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ತಪ್ಪಾತು," ಎಂದೆ. ಹಿಸ್ಸೆಯ ದಿನದ್ದು ಎಂದು ಬಿಡಿಸಿ ಹೇಳಬೇಕೆಂದಿದ್ದೆ, ಬರೀ ಬ್ಯಾಗು ಎತ್ತಿ ತೋರಿಸಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು. "ಒಳಗ ಬಾ," ಎಂದ.

ಗಿರಣಿಯ ಹಿಂದೆ ಮನೆ. ಹೊಸ ಮಷೀನು ಟೀವಿಯ ಮುಂದೆ ಅರಿವೆ ಹೊದ್ದು ಕುಳಿತಿತ್ತು. ಅರಿವೆ ಹಾಗೇ ಮಡಿಕೆ ಮುರಿಯದೆ ಇತ್ತು, ಯಾರೂ ಆಡಿದಂತೆ ಕಾಣಲಿಲ್ಲ. ನಾನು ಅದರ ಬಲಗಡೆಯ ಹಿಡಿಕೆ ಕಿತ್ತು ಪಕ್ಕಕ್ಕಿಟ್ಟು, ಬ್ಯಾಗಿನಿಂದ ಹಳೆಯದನ್ನು ತೆಗೆದು ಚುಚ್ಚಿದೆ. ಅವನಿಗೆ ಎಡಗಡೆಯದನ್ನು ಕೊಟ್ಟೆ, ಒಳ್ಳೆಯದನ್ನು.

"ಇವತ್ತು ಇದು ನಾ ಹಿಡೀತೇನಿ," ಎಂದೆ.

ಅವನು ಆ ಮಷೀನಿನ ಜೊತೆ ಬಂದಿದ್ದ ಗಡಿಗೆ ಆಟದ ಡಬ್ಬಿ ತುರುಕಿ ಗುಂಡಿ ಒತ್ತಿದ. ಬಯಲು ಮೂಡಿತು. ಮೊದಲ ಚುಕ್ಕೆ ನನ್ನ ಎಡಕ್ಕೆ ಬಿತ್ತು, ಎರಡು ಹೆಜ್ಜೆ ದೂರ. ಬೆರಳು ಎಡಕ್ಕೆ ಒತ್ತಿತು, ಮನುಷ್ಯ ನಿಂತೇ ಇದ್ದ. ಬಲಕ್ಕೆ ಓಡಿಸಿದೆ. ನೋಡಿದರೆ ಅಣ್ಣನ ಮನುಷ್ಯನೂ ಚುಕ್ಕೆಗೆ ಬೆನ್ನು ಮಾಡಿ ಬಲಕ್ಕೇ ಓಡುತ್ತಿದ್ದ.

"ನಿಂದು ಎಡಕ್ಕ ಹೋಗ್ತದ," ಎಂದೆ.

"ಹಿಡಿಕಿ ಹೋಗ್ತದ," ಎಂದ ಅಣ್ಣ. "ನನ್ನ ಕೈ ಹೋಗಂಗಿಲ್ಲ."

ಇಬ್ಬರೂ ಬಲಗಡೆಯ ಅಂಚಿನಿಂದ ಹೊರಗೆ ಹೋಗಿ, ಒಬ್ಬರ ಹಿಂದೆ ಒಬ್ಬರು ಎಡಗಡೆಯಿಂದ ಬಂದೆವು. ಅವನೇ ಮೊದಲು ಮುಟ್ಟಿದ.